ಪ್ಲಸ್ ಕಡೆಗೆ ತಿರುಗಿದ ಮುಳ್ಳು

ಬುಧವಾರ ಬೆಳಿಗ್ಗೆ ಬಾಗಿಲು ತಟ್ಟಿದ ಹೆಂಗಸು ಒಳಗೆ ಬಂದು ಕೂರಲೂ ಇಲ್ಲ. "ನಮ್ಮವರು ಅಂಗಡಿ ಬಾಗಿಲು ಹಾಕಿ ನಾಲ್ಕು ದಿನದಿಂದ ಮಲಗಿದ್ದಾರೆ. ಅವರನ್ನ ಎಬ್ಬಿಸೋದು ನನ್ನ ಕೈಲಿ ಆಗ್ತಿಲ್ಲ. ನೀವೇ ಬಂದು ಎಬ್ಬಿಸಿ" ಎಂದರು.

ಮಾವ ಪತ್ರಿಕೆ ಮಡಿಸಿಟ್ಟರು. ಅವರು ಮೂವತ್ತು ವರ್ಷ ವಿಮಾ ಕಂಪನಿಯ ಸರ್ವೇಯರ್ ಆಗಿ, ನುಜ್ಜುಗುಜ್ಜಾದ ವಾಹನಗಳನ್ನು ನೋಡಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ವರದಿ ಬರೆದವರು. ನಿವೃತ್ತರಾದ ಮೇಲೂ ಜನ ಬಿಡಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು. ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸವಾಯಿತು. ಇಷ್ಟಪಟ್ಟು ಒಪ್ಪಿಕೊಂಡಿದ್ದಲ್ಲ. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ.

ಬಂದಾಕೆಯ ಗಂಡ ಕಾರುಗಳ ಎಲೆಕ್ಟ್ರಿಷಿಯನ್. ಹಿರಿಯ ದಂತವೈದ್ಯರೊಬ್ಬರ ಹಳೆಯ ಸ್ಪೋರ್ಟ್ಸ್ ಕಾರಿಗೆ, ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ ಕಾರಿಗೆ, ಅವರು ದೀಪ ಸರಿಮಾಡಿಕೊಟ್ಟಿದ್ದರು. ಹಳೆ ಕಾರುಗಳ ಸಂಘ ಏರ್ಪಡಿಸಿದ್ದ ಬೆಟ್ಟದ ದಾರಿಯ ರಾತ್ರಿ ಓಟಕ್ಕೆ ಹೋಗಬೇಕೆಂದು ಡಾಕ್ಟರ ಹಟ. ಶನಿವಾರ ಸಂಜೆ ಕತ್ತಲಾದ ಮೇಲೆ ಪರೀಕ್ಷೆಗೆಂದು ಹೊರಟರು. ಮೊದಲ ತಿರುವಿನಲ್ಲೇ ಎರಡು ದೀಪವೂ ಒಟ್ಟಿಗೆ ಆರಿ, ಕಾರು ಮೋರಿಯ ಕಟ್ಟೆಗೆ ಬಡಿಯಿತು. ಡಾಕ್ಟರ ಮಣಿಕಟ್ಟು ಮುರಿಯಿತು. ಎಲೆಕ್ಟ್ರಿಷಿಯನ್ನರ ಅಂಗಡಿ ಇರುವುದು ಡಾಕ್ಟರ ಕಟ್ಟಡದಲ್ಲೇ. ತಿಂಗಳ ಕೊನೆಯೊಳಗೆ ಖಾಲಿ ಮಾಡು ಎಂದು ಹೇಳಿ ಕಳಿಸಿದ್ದರು.

"ಖಾಲಿ ಮಾಡಿದರೆ ಇನ್ನೊಂದು ಅಂಗಡಿ ಹುಡುಕಬಹುದು. ಆದರೆ ಇವರು ಇನ್ನು ವೈರ್ ಮುಟ್ಟಲ್ಲ ಅಂತಿದ್ದಾರೆ" ಎಂದು ಆಕೆ ಗೋಡೆ ನೋಡುತ್ತಾ ಹೇಳಿದರು.

ಎಲೆಕ್ಟ್ರಿಷಿಯನ್ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಾವ ಸ್ಟೂಲ್ ಎಳೆದು ಕೂತರು.

"ಎದ್ದು ಕೂತು ಮಾತಾಡಪ್ಪ. ಬೆನ್ನಿನ ಜೊತೆ ಮಾತಾಡಿ ನನಗೆ ಅಭ್ಯಾಸವಿಲ್ಲ."

ಎದ್ದು ಕೂತವರು ತಮ್ಮ ಕೈಗಳನ್ನೇ ನೋಡುತ್ತಾ ಹೇಳಿದರು. ದೀಪದ ಒಳಗಿನ ಕನ್ನಡಿಯಂಥ ಬಟ್ಟಲು ಮಂಕಾಗಿತ್ತು, ಹೊಸದಾಗಿ ಬೆಳ್ಳಿ ಲೇಪ ಮಾಡಿಸಿದರು. ಎಪ್ಪತ್ತು ವರ್ಷದ ತೆಳು ವೈರುಗಳಲ್ಲಿ ಅರ್ಧ ಕರೆಂಟ್ ದಾರಿಯಲ್ಲೇ ಸೋರುತ್ತಿತ್ತು. ದಪ್ಪ ವೈರ್ ಎಳೆದು, ದೀಪಕ್ಕೆ ನೇರವಾಗಿ ಕರೆಂಟ್ ಬಿಡುವ ಎರಡು ರಿಲೇ ಕೂರಿಸಿ, ಬಲ್ಬು ಬದಲಿಸಿದರು. ಒಂದನ್ನು ಮಾತ್ರ ಬದಲಿಸಲಿಲ್ಲ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಕಾರಿನ ಮೈಗೆ ಕಟ್ಟುತ್ತಾರೆ, ಈ ಕಾರಿನದು ಹಳೇ ಪದ್ಧತಿ, ಪ್ಲಸ್ ತುದಿಯೇ ಮೈಗೆ. ಅದು ಹಾಗೇ ಇರಬೇಕು ಎಂದು ಡಾಕ್ಟರ ಆಜ್ಞೆ. ಕಳೆದ ಗುರುವಾರ ಗೋಡೆಗೆ ಬೆಳಕು ಬಿಟ್ಟು ಪರೀಕ್ಷಿಸಿ ಬೀಗದ ಕೈ ಕೊಟ್ಟು ಬಂದರು. ಭಾನುವಾರ ಕರೆಸಿದಾಗ ನೋಡಿದರೆ, ಕಾರು ಓಡುವಾಗ ಕರೆಂಟ್ ತಯಾರಿಸುವ ಡೈನಮೊವನ್ನು ಬ್ಯಾಟರಿಗೆ ಸೇರಿಸುವ ಕಟೌಟ್ ಡಬ್ಬಿ ಸುಟ್ಟು ಕರಗಿತ್ತು. ವೈರಿಂಗಿನಲ್ಲಿ ಒಂದು ತಪ್ಪೂ ಕಾಣಲಿಲ್ಲ.

"ಕಾಣದ ತಪ್ಪು ಯಾವುದೋ ಮಾಡಿದ್ದೀನಿ ಸಾರ್. ಬೇರೆ ಯಾರೂ ಮುಟ್ಟಿಲ್ಲ ಅಂತಾರಲ್ಲ."

"ಅಂತಾರೆ" ಎಂದರು ಮಾವ. ಅವರಿಗೆ ಆಗಲೇ ಸಿಟ್ಟು ಬಂದಿತ್ತು.

ಮರುದಿನ, ಗುರುವಾರ, ಡಾಕ್ಟರ ಮನೆಗೆ ಹೋದೆವು. ಮನೆ ಏರಿನ ತುದಿಯಲ್ಲಿದೆ. ಗೇಟಿನಿಂದ ದೊಡ್ಡ ರಸ್ತೆಯವರೆಗೂ ಇಳಿಜಾರು. ಹಿರಿಯ ಡಾಕ್ಟರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕಾವಲು ಕೂತಿದ್ದರು. ಕ್ಲಿನಿಕ್ ಅಳಿಯನಿಗೆ ಒಪ್ಪಿಸಿ ಐದು ವರ್ಷವಾಗಿತ್ತು. ಕಾರನ್ನು ಯಾರಿಗೂ ಒಪ್ಪಿಸಿರಲಿಲ್ಲ. ಸೊಂಟನೋವಿನಿಂದ ತಾವೇ ಬಗ್ಗಿ ಕೆಲಸ ಮಾಡಲಾಗದು, ಇನ್ನೊಬ್ಬರು ಮಾಡಿದರೆ ಸಹಿಸಲಾಗದು. "ಅಳಿಯ ಹಲ್ಲು ಚೆನ್ನಾಗಿ ಕೀಳ್ತಾನೆ. ಇದನ್ನ ಮುಟ್ಟಿದರೆ ಕೈ ಮುರಿತೀನಿ ಅಂತ ಮದುವೆ ದಿನವೇ ಹೇಳಿದ್ದೀನಿ" ಎಂದರು.

ಪಕ್ಕದಲ್ಲಿ ಸಂಘದ ಕಾರ್ಯದರ್ಶಿ ನಿಂತಿದ್ದರು. ಅವರನ್ನು ಸದಸ್ಯರು ಬೆನ್ನ ಹಿಂದೆ 'ಅಸಲಿ' ಎಂದು ಕರೆಯುತ್ತಿದ್ದರು, ಏಕೆಂದರೆ ಹಳೆ ಕಾರಿನ ಒಂದು ಸ್ಕ್ರೂ ಬದಲಾದರೂ ಅದು ಅಸಲಿಯಲ್ಲ ಎಂದು ಅಂಕ ಕಳೆಯುವವರು. ಈ ದೀಪಗಳು ಬೆಟ್ಟ ಹತ್ತುವುದಿಲ್ಲ ಎಂದು ಅವರು ಸಭೆಯಲ್ಲೇ ಹೇಳಿದ್ದರಂತೆ. ಶನಿವಾರ ಮಧ್ಯಾಹ್ನ ಶೆಡ್ಡಿಗೆ ಬಂದು ಬದಲಾವಣೆಗಳನ್ನೆಲ್ಲ ಪಟ್ಟಿ ಮಾಡಿದ್ದರು. ಸಂಜೆ ಡಾಕ್ಟರ ಪಕ್ಕದ ಸೀಟಿನಲ್ಲಿದ್ದವರೂ ಅವರೇ.

ದೀಪ ಆರುವ ಮೊದಲು ಏನು ಕಂಡಿರಿ ಎಂದು ಮಾವ ಕೇಳಿದರು. ಅಸಲಿಯವರು ಅಸಲಿ ವೈರಿನ ಹೊದಿಕೆ ಬಟ್ಟೆಯದೋ ರಬ್ಬರಿನದೋ ಎಂಬಲ್ಲಿಂದ ಆರಂಭಿಸಿದರು. ಮಾವ ಎರಡು ಸಲ ತಡೆದರು. ಮೂರನೆಯ ಸಲ ಕಣ್ಣು ಮುಚ್ಚಿ ಕೂತರು. ಕೊನೆಗೆ ಬೇಕಾದದ್ದು ಬಂತು.

"ಆ ಮೇಸ್ತ್ರಿಗೆ ಮೀಟರ್ ಕಟ್ಟೋಕೂ ಬರಲ್ಲ. ಎಂಜಿನ್ ಶುರು ಮಾಡೋ ಮೊದಲು ಡಾಕ್ಟರು ದೀಪ ಹಾಕಿದರು. ಮುಳ್ಳು ಪ್ಲಸ್ ಕಡೆಗೆ ಹೋಯಿತು. ನಾನು ನನ್ನ ಪಟ್ಟಿಯಲ್ಲಿ ಅದನ್ನೂ ಬರೆದುಕೊಂಡೆ."

"ಡಾಕ್ಟರೇ, ನೀವು ನೋಡಲಿಲ್ಲವೇ?"

ಕನ್ನಡಕ ಒಳಗೆ ಬಿಟ್ಟು ಬಂದಿದ್ದೆ, ದೂರದ್ದು ಚೆನ್ನಾಗಿ ಕಾಣುತ್ತೆ ಎಂದರು ಡಾಕ್ಟರು. ಮಾವ ನನ್ನ ಕಡೆ ತಿರುಗಿ, ಬರೆದುಕೋ ಎಂಬಂತೆ ನೋಡಿದರು.

ಚಾಲಕನ ಮುಂದೆ ಕೂರಿಸಿದ್ದ ಆ ಕರೆಂಟ್ ಮೀಟರಿನ ಲೆಕ್ಕ ಸುಲಭ. ಮುಳ್ಳು ಮೈನಸ್ ಕಡೆ ಹೋದರೆ ಬ್ಯಾಟರಿ ಖರ್ಚಾಗುತ್ತಿದೆ, ಪ್ಲಸ್ ಕಡೆ ಹೋದರೆ ತುಂಬುತ್ತಿದೆ. ಮಾವ ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಅಪಘಾತದಲ್ಲೂ ಉಳಿದುಕೊಂಡಿದ್ದ ಚಿಕ್ಕ ದೀಪಗಳನ್ನು ಹಾಕಿಸಿದರು. ಮುಳ್ಳು ಮೈನಸ್ ಕಡೆಗೆ ಸರಿಯಿತು. ಅಸಲಿಯವರು ತಮ್ಮ ಪಟ್ಟಿ ತೆಗೆದು ಮತ್ತೊಮ್ಮೆ ನೋಡಿಕೊಂಡರು.

ಸೀಟಿನ ಹಿಂದೆ ಬ್ಯಾಟರಿ. ಪ್ಲಸ್ ತುದಿ ಕಾರಿನ ಮೈಗೇ ಕಟ್ಟಿತ್ತು. ಎಲ್ಲ ಇರಬೇಕಾದಂತೆಯೇ ಇತ್ತು. ಆದರೆ ಮೈನಸ್ ತುದಿಗೆ ತೊಡಿಸುವ ವೈರಿನ ಹಿಡಿಕೆಯನ್ನು ಯಾರೋ ಸ್ಕ್ರೂಡ್ರೈವರ್ ತೂರಿಸಿ ಅಗಲಿಸಿದ್ದರು. ಸೀಸದ ಮೇಲೆ ಹೊಸ ಗೀರುಗಳು ಹೊಳೆಯುತ್ತಿದ್ದವು. ಬ್ಯಾಟರಿಯ ತಟ್ಟೆಯಲ್ಲಿ ಬೂದು ಬಣ್ಣದ ತೆಳು ಹಾಳೆಯ ಚೂರೊಂದು ಮುದುಡಿ ಬಿದ್ದಿತ್ತು. ಬಿಡಿಸಿದರೆ ಮೈತುಂಬ ಸಣ್ಣ ಚುಕ್ಕಿಗಳ ಅಚ್ಚು. ನನ್ನ ನೋಟ್‌ಬುಕ್ಕಿನ ಮೇಲೆ ಉಜ್ಜಿದಾಗ ಪೆನ್ಸಿಲಿನಂತೆ ಗೆರೆ ಎಳೆಯಿತು.

ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಕೇಳಿದರು. "ನಿನಗೆ ಹಲ್ಲುನೋವು ಇದೆಯಾ?"

"ಇಲ್ಲ ಮಾವ."

"ಇದೆ ಅಂದುಕೋ. ನನಗಂತೂ ಹಲ್ಲೇ ಇಲ್ಲ."

ಮಧ್ಯಾಹ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಕೂತೆ. ಎಲ್ಲಿ ನೋವು ಎಂದು ಅಳಿಯ ಡಾಕ್ಟರು ಕೇಳಿದಾಗ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೆ ನಟನೆ ಬೇಕಾಗಲಿಲ್ಲ. ಮೃದು ಮಾತಿನ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಹಿರಿಯ ಡಾಕ್ಟರ ಕಾಲದ ಯಂತ್ರ, ಬದಲಿಸಲು ಅವರು ಬಿಡುವುದಿಲ್ಲ ಎಂದು ಗೊಣಗುತ್ತಾ ಫಿಲ್ಮ್ ಎಕ್ಸ್-ರೇ ತೆಗೆದರು. ಅವರ ಬಿಳಿ ಕೋಟಿನ ಹೊಟ್ಟೆಯ ಭಾಗದಲ್ಲಿ ಏಳೆಂಟು ಸಣ್ಣ ತೂತುಗಳಿದ್ದವು, ಅಂಚು ಹಳದಿಯಾಗಿ. ಎಕ್ಸ್-ರೇ ಪೊಟ್ಟಣದ ಸಿಪ್ಪೆಯನ್ನು ಅವರು ಬುಟ್ಟಿಗೆ ಎಸೆದರು. ಹೊರಡುವಾಗ ನಾನು ಅದನ್ನು ಎತ್ತಿಕೊಂಡೆ. ಹಲ್ಲುಗಳು ಗಟ್ಟಿಮುಟ್ಟಾಗಿದ್ದವು.

ಶುಕ್ರವಾರ ಸಂಜೆ ಮಾವ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿದರು. ಹಿರಿಯ ಡಾಕ್ಟರು ಕುರ್ಚಿಯಲ್ಲಿ, ಅಳಿಯ ಕಂಬಕ್ಕೆ ಒರಗಿ, ಅಸಲಿಯವರು ಪಟ್ಟಿ ಹಿಡಿದು. ಎಲೆಕ್ಟ್ರಿಷಿಯನ್ನರನ್ನು ಅವರ ಹೆಂಡತಿ ಮುಂದೆ ಬಿಟ್ಟುಕೊಂಡು ಬಂದರು. ಅವರು ಕಾರಿನ ಹತ್ತಿರ ಬರಲಿಲ್ಲ.

"ಬೇಗ ಮುಗಿಸಿ" ಎಂದರು ಡಾಕ್ಟರು.

"ನೀವೆಲ್ಲ ಶನಿವಾರವೇ ಕಣ್ಣುಬಿಟ್ಟು ನೋಡಿದ್ದರೆ ಇದು ಶುರುವೇ ಆಗ್ತಿರಲಿಲ್ಲ" ಎಂದು ಮಾವ ಆರಂಭಿಸಿದರು.

ಅವರು ಹೇಳಿದ್ದು ಹೀಗೆ. ದೀಪ ಹಾಕಿದರೆ ಕರೆಂಟ್ ಖರ್ಚಾಗಬೇಕೇ ಹೊರತು ತುಂಬುವುದಿಲ್ಲ. ಆದರೂ ಶನಿವಾರ ಮುಳ್ಳು ಪ್ಲಸ್ ಕಡೆ ಹೋಯಿತು. ನಿನ್ನೆ ಗುರುವಾರ ಅದೇ ಮೀಟರ್, ಅದೇ ವೈರ್, ಮುಳ್ಳು ಮೈನಸ್ ಕಡೆ ಹೋಯಿತು. ಮೀಟರನ್ನು ಯಾರೂ ಬಿಚ್ಚಿಲ್ಲ, ಅದರ ಸ್ಕ್ರೂಗಳ ಮೇಲಿನ ಧೂಳೇ ಸಾಕ್ಷಿ. ಅಂದರೆ ಶನಿವಾರ ಬ್ಯಾಟರಿಯೇ ತಿರುಗುಮುರುಗಾಗಿತ್ತು.

"ಹಾಗಾದರೆ ದೀಪ ಹೇಗೆ ಉರಿಯಿತು? ಎಂಜಿನ್ ಹೇಗೆ ಶುರುವಾಯಿತು?" ಎಂದು ಅಸಲಿಯವರು ಸವಾಲು ಹಾಕಿದರು.

ಬಲ್ಬಿಗೂ ಸ್ಟಾರ್ಟರಿಗೂ ಪ್ಲಸ್ ಮೈನಸ್ಸಿನ ಹಂಗಿಲ್ಲ ಎಂದರು ಮಾವ. ಡೈನಮೊಗೆ ಇದೆ. ಡಾಕ್ಟರು ವಾಡಿಕೆಯಂತೆ ಇಳಿಜಾರಿನಲ್ಲಿ ಗಾಡಿಯನ್ನು ಸುಮ್ಮನೆ ಉರುಳಿಸಿಕೊಂಡು ಹೋದರು. ಅಲ್ಲಿಯವರೆಗೆ ಡೈನಮೊ ನಿದ್ದೆಯಲ್ಲಿತ್ತು, ದೀಪ ಬ್ಯಾಟರಿಯಿಂದ ಉರಿಯುತ್ತಿತ್ತು. ದೊಡ್ಡ ರಸ್ತೆಗೆ ಬಂದು ವೇಗ ಕೊಟ್ಟ ಕೂಡಲೇ ಡೈನಮೊ ಎದ್ದು ಬ್ಯಾಟರಿಗೆ ಸೇರಿಕೊಂಡಿತು. ತುಂಬಬೇಕಾದದ್ದು ತಲೆಕೆಳಗಾಗಿ ನಿಂತಿದ್ದರಿಂದ ಎರಡೂ ಸೇರಿ ಕಟೌಟ್ ಡಬ್ಬಿಯನ್ನು ಸುಟ್ಟವು, ದೀಪಕ್ಕೆ ಏನೂ ಉಳಿಯಲಿಲ್ಲ.

"ಈ ತಪ್ಪು ಮಾಡಬೇಕಾದರೆ ಈ ಕಾರಿನ ಪದ್ಧತಿ ಗೊತ್ತಿರಬಾರದು. ಮೇಸ್ತ್ರಿಗೆ ಗೊತ್ತು. ಡಾಕ್ಟರು ದಾರಿಹೋಕರಿಗೂ ಪಾಠ ಹೇಳ್ತಾರೆ, ಸಾಲದ್ದಕ್ಕೆ ಸೀಟಿನ ಹಿಂದೆ ಬಗ್ಗೋಕೆ ಆಗಲ್ಲ. ಈ ಕಾರ್ಯದರ್ಶಿಗಳಿಗೆ ಅಸಲಿ ಯಾವುದು ಅಂತ ನಿದ್ದೆಯಲ್ಲೂ ಗೊತ್ತು. ಬೇಕಂತಲೇ ಮಾಡಿದ್ದರೆ ತಾವೇ ಪಕ್ಕದಲ್ಲಿ ಕೂತು ಹೋಗ್ತಿರಲಿಲ್ಲ. ಕೂತ ಕೊಂಬೆ ಕಡಿಯುವಷ್ಟು ಪೆದ್ದರಲ್ಲ."

ಅಸಲಿಯವರಿಗೆ ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ.

ಮಾವ ಎರಡು ಹಾಳೆಚೂರುಗಳನ್ನು ಕಾರಿನ ಮೂತಿಯ ಮೇಲೆ ಇಟ್ಟರು. ಬ್ಯಾಟರಿಯ ಪ್ಲಸ್ ತುದಿ ದಪ್ಪ, ಮೈನಸ್ ತುದಿ ಸಣ್ಣ, ಹಿಡಿಕೆಗಳೂ ಅದಕ್ಕೆ ತಕ್ಕಂತೆ. ಅದಲು ಬದಲು ಕಟ್ಟಿದವನಿಗೆ ಸಣ್ಣ ಹಿಡಿಕೆ ದಪ್ಪ ತುದಿಗೆ ಹೋಗಲಿಲ್ಲ, ಅಗಲಿಸಿದ. ದೊಡ್ಡ ಹಿಡಿಕೆ ಸಣ್ಣ ತುದಿಯಲ್ಲಿ ಸಡಿಲವಾಯಿತು, ಕೈಗೆ ಸಿಕ್ಕ ಸೀಸದ ಹಾಳೆ ತುರುಕಿದ. ಒಂದು ಚೂರು ಈ ಕಾರಿನದು. ಇನ್ನೊಂದು ನನ್ನ ಹಲ್ಲಿನ ಎಕ್ಸ್-ರೇ ಪೊಟ್ಟಣದ್ದು, ಕಿರಣ ತಡೆಯಲು ಫಿಲ್ಮಿನ ಹಿಂದೆ ಇಟ್ಟಿರುವ ಸೀಸದ ಹಾಳೆ. ಅದೇ ದಪ್ಪ, ಅದೇ ಚುಕ್ಕಿ.

"ಬ್ಯಾಟರಿಯನ್ನು ಹೊಟ್ಟೆಗೆ ಒತ್ತಿಕೊಂಡು ಹೊತ್ತರೆ ಆಸಿಡ್ ತುಳುಕಿ ಹತ್ತಿಬಟ್ಟೆ ತಿನ್ನುತ್ತೆ. ಕೋಟಿನ ತೂತುಗಳನ್ನು ನನ್ನ ಸೊಸೆ ನೋಡಿದ್ದಾಳೆ. ಶನಿವಾರ ರಾತ್ರಿ ಕಾರನ್ನು ಶೆಡ್ಡಿಗೆ ಎಳೆದು ತಂದ ಮೇಲೆ, ಇಬ್ಬರು ಹಿರಿಯರೂ ಆಸ್ಪತ್ರೆಯಲ್ಲಿದ್ದಾಗ, ಶೆಡ್ಡಿನ ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ."

ಯಾರೂ ಕಂಬದ ಕಡೆ ನೋಡಲಿಲ್ಲ. ಅಳಿಯ ಡಾಕ್ಟರು ತಾವೇ ಮಾತಾಡಿದರು. ಕಳೆದ ಶುಕ್ರವಾರ ಸಂಜೆ ಗೆಳೆಯರಿಗೆ ಹೊಸ ದೀಪ ತೋರಿಸಿದ್ದರು, ಆರಿಸಲು ಮರೆತರು. ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಹಿರಿಯ ಡಾಕ್ಟರು ಏಳುವ ಮೊದಲೇ ಕ್ಲಿನಿಕ್ಕಿಗೆ ಹೊತ್ತೊಯ್ದು ಚಾರ್ಜ್ ಮಾಡಿ, ಮಧ್ಯಾಹ್ನದ ಊಟಕ್ಕೆ ಬಂದಾಗ ತಂದು ಕಟ್ಟಿದರು. ತಮ್ಮ ಕಾರಿನಲ್ಲಿ ಮೈನಸ್ ತಾನೇ ಮೈಗೆ ಇರುವುದು. ಅಪಘಾತವಾದ ಮೇಲೆ ಕಾರಿನ ಹಳೆಯ ಕೈಪಿಡಿ ತೆಗೆದು ಓದಿದರು. ಆಮೇಲೆ ಸರಿಯಾಗಿ ಕಟ್ಟಿ, ಬಾಯಿ ಮುಚ್ಚಿಕೊಂಡರು.

"ಹೇಳಬೇಕು ಅಂತ ದಿನಾ ಅಂದ್ಕೊಳ್ತಿದ್ದೆ" ಎಂದರು.

"ಹೇಳಬಹುದಿತ್ತಲ್ಲಯ್ಯ. ಎರಡು ಮಾತು. ನಾನು ಕಟ್ಟಿದೆ, ತಪ್ಪಾಯಿತು. ಅಷ್ಟಕ್ಕೆ ಒಬ್ಬ ಕೆಲಸಗಾರ ಗೋಡೆ ನೋಡ್ಕೊಂಡು ಮಲಗಬೇಕಾಯಿತು" ಎಂದರು ಮಾವ. ಮಾತು ಜೋರಾಗಿರಲಿಲ್ಲ, ದಣಿದಿತ್ತು. "ನೀವೂ ಅಷ್ಟೇ ಡಾಕ್ಟರೇ. ಕೈ ಮುರಿತೀನಿ ಅಂತ ಹೆದರಿಸಿಟ್ಟಿರಿ. ಕೊನೆಗೆ ಮುರಿದದ್ದು ಯಾರ ಕೈ?"

ಹಿರಿಯ ಡಾಕ್ಟರು ಪ್ಲಾಸ್ಟರನ್ನು ನೋಡಿಕೊಂಡರು. ಅಳಿಯ ಎಲೆಕ್ಟ್ರಿಷಿಯನ್ನರ ಮುಂದೆ ಬಂದು ಕ್ಷಮೆ ಕೇಳಿದರು. ಅವರು ಕೇಳಿಸಿಕೊಂಡರು.

"ಅಂಗಡಿ ನಿನ್ನದೇ. ನಾಳೆ ಬಾಗಿಲು ತೆಗಿ" ಎಂದರು ಹಿರಿಯ ಡಾಕ್ಟರು.

"ಅದೇನೋ ದಾನ ಕೊಟ್ಟ ಹಾಗೆ" ಎಂದು ಎಲೆಕ್ಟ್ರಿಷಿಯನ್ನರ ಹೆಂಡತಿ ನನಗೆ ಮಾತ್ರ ಕೇಳುವಂತೆ ಹೇಳಿದರು.

ಎಲೆಕ್ಟ್ರಿಷಿಯನ್ ಮೊದಲ ಸಲ ಕಾರಿನ ಹತ್ತಿರ ಬಂದರು. ಒಡೆದ ಗಾಜಿನ ಹಿಂದಿನ ಬೆಳ್ಳಿಯ ಬಟ್ಟಲಿನ ಮೇಲೆ ಹೆಬ್ಬೆರಳು ಆಡಿಸಿದರು.

"ಅಂಗಡಿ ಇರಲಿ ಸಾರ್. ಒಂದು ಹೇಳಿ. ಆರೋ ಮೊದಲು, ದೀಪ ಹೇಗಿತ್ತು?"

ಡಾಕ್ಟರು ಯಾರನ್ನೂ ಹೊಗಳಿದವರಲ್ಲ. ಅಸಲಿಯವರ ಕಡೆ ನೋಡಿದರು, ಅಳಿಯನ ಕಡೆ ನೋಡಿದರು, ಕೆಮ್ಮಿದರು.

"ಇಳಿಜಾರಿನ ಕೊನೆಯಲ್ಲಿ, ಆಚೆ ಮನೆಯ ಕಾಂಪೌಂಡ್ ಮೇಲೆ ಒಂದು ಬೆಕ್ಕು ಕೂತಿತ್ತು" ಎಂದರು. "ಕರೀ ಬೆಕ್ಕು. ಗೇಟಿನಿಂದಲೇ ಕಾಣಿಸ್ತು."

ಎಲೆಕ್ಟ್ರಿಷಿಯನ್ ತೆರೆದ ಗೇಟಿನ ಕಡೆ, ಅಲ್ಲಿಂದ ಕೆಳಗೆ, ಆಚೆ ಮನೆಯ ಕಾಂಪೌಂಡಿನವರೆಗೂ ಕಣ್ಣಲ್ಲೇ ಅಳೆದರು. ಅಳೆದು ಮುಗಿದ ಮೇಲೆ ಹೆಂಡತಿಯ ಕಡೆ ತಿರುಗಿ, ಸ್ಪ್ಯಾನರುಗಳ ಚೀಲ ಎಲ್ಲಿಟ್ಟಿದ್ದೀಯ ಎಂದು ಕೇಳಿದರು.