ಕ್ವಿಟೊಗೆ ಹೊರಟವರು ಮದ್ದೂರಿನಲ್ಲಿ ಇಳಿದರು

"ರೀ, ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ನೋಡಿ...!"

ಮಳವಳ್ಳಿಯ ಕಾಲೇಜು ಮೈದಾನದಲ್ಲಿ ಶೋಭಿತಾ ಹಾಗೆ ಕೂಗಿದಾಗ, ಹೆಗಲ ಮೇಲೆ ಅಳತೆಯ ಚೈನು ಹೊತ್ತು ಬರುತ್ತಿದ್ದ ಯುವಕ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತುಬಿಟ್ಟ.

ಅವಳು ಅಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಅದು ಆಗಸ್ಟ್ ತಿಂಗಳ ಶೂನ್ಯ ನೆರಳಿನ ದಿನ. ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುವ ಆ ಒಂದು ನಿಮಿಷಕ್ಕಾಗಿ ನೆಲದಲ್ಲಿ ಪೈಪು ನೆಟ್ಟು, ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು ಕಾದಿದ್ದಳು. ಬೆಳಗಿನಿಂದ ಮೋಡ. ಈಗಷ್ಟೇ ಬಿಸಿಲು ಬಿದ್ದಿತ್ತು. ಅಷ್ಟರಲ್ಲಿ ಇವನು!

"ಕಾಲು ಇಳಿಸ್ಲಾ ಮೇಡಂ? ನೋಯ್ತದೆ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಕಣ್ಣು ಗಡಿಯಾರದ ಮೇಲಿತ್ತು.

ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಪೈಪಿನ ನೆರಳು ಮೆಲ್ಲಗೆ ಒಳಗೆ ಸರಿದು ಮಾಯವಾಯಿತು. ಯುವಕ ತನ್ನ ಕಾಲ ಬುಡ ನೋಡಿಕೊಂಡು ಬೆಚ್ಚಿಬಿದ್ದ.

"ಅಯ್ಯೋ... ನನ್ ನೆರಳೆಲ್ಲೋಯ್ತು?"

"ನಿಮ್ಮ ಕಾಲಡಿಗೇ ಹೋಗಿದೆ. ಎರಡು ನಿಮಿಷ ಬಿಟ್ಟು ಬರುತ್ತೆ. ಅದಿರ್ಲಿ, ಯಾರು ನೀವು?"

"ಅಶೋಕ್ ಅಂತ. ಸರ್ವೆ ಆಫೀಸು. ನಿಮ್ ಕಾಲೇಜಿನ ಗಡಿ ಅಳೀಬೇಕು. ಪಕ್ಕದ ಜಮೀನಿನ ಮಹದೇವಯ್ಯ ಇನ್ನೂ ಬಂದಿಲ್ಲ. ಬಾಜುದಾರರಿಗೆ ನೋಟೀಸು ಮುಟ್ಟಿ, ಅವರು ಬಂದು ನಿಂತ್ಕಳ್ದೆ ಚೈನು ಎಳೆಯಂಗಿಲ್ಲ. ಅದು ರೂಲು. ಅದ್ಕೇ ಹಿಂಗೆ ಸುತ್ತಾಡ್ತಾ ಇದ್ದೆ."

ಅವನ ಪ್ರಶ್ನೆಗಳು ಅಲ್ಲಿಗೆ ನಿಲ್ಲಲಿಲ್ಲ. ಇದು ಬೇರೆ ಎಲ್ಲೆಲ್ಲಿ ಆಗುತ್ತೆ? ಭೂಮಧ್ಯರೇಖೆಯ ಮೇಲೂ ಆಗುತ್ತಾ? ಅಲ್ಲಿ ಊರು ಕೇರಿ ಇದಾವಾ?

"ಕ್ವಿಟೊ ಅಂತ ಇದೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ರಾಜಧಾನಿ. ಊರ ಪಕ್ಕದಲ್ಲೇ ಆ ಗೆರೆ ಹಾದುಹೋಗುತ್ತೆ. ಮಾರ್ಚಲ್ಲಿ ಒಂದು ಸಲ, ಸೆಪ್ಟೆಂಬರಲ್ಲಿ ಒಂದು ಸಲ ಅಲ್ಲಿ ನೆರಳು ಬೀಳಲ್ಲ. ಚಿಕ್ಕವಳಿದ್ದಾಗಿಂದ ಅಲ್ಲಿ ನಿಂತ್ಕೋಬೇಕು ಅಂತ ನನಗಾಸೆ..."

"ಗೆರೆ ಅಂದ್ರೆ ನಮ್ ಕೆಲಸ. ನಾನೇ ಕರ್ಕೊಂಡೋಯ್ತೀನಿ ಬುಡಿ!"

ಎಷ್ಟು ಧೈರ್ಯ ಇವನಿಗೆ! ಅವಳು ಕಣ್ಣು ಕೆಂಪು ಮಾಡಿದಳು. ಆದರೆ ಆ ಸಂಜೆ ಮನೆಗೆ ನಡೆಯುವಾಗ ತನ್ನಷ್ಟಕ್ಕೇ ನಕ್ಕಿದ್ದಳು.

ಮುಂದಿನ ವರ್ಷ ಅವರ ಮದುವೆಯಾಯಿತು.

ಅದಾಗಿ ಮೂರು ವರ್ಷ. ಈಗ ಮಳವಳ್ಳಿಯ ಅವರ ಮನೆಯ ಅಡುಗೆಕೋಣೆಯ ಗೋಡೆಗೆ ಒಂದು ಹಾಳೆ ಅಂಟಿತ್ತು. ಅಶೋಕ್ ಜಮೀನಿನ ನಕ್ಷೆ ಬರೆಯುವಷ್ಟೇ ಶ್ರದ್ಧೆಯಿಂದ, ಸ್ಕೇಲಿಟ್ಟು ಬರೆದದ್ದು. ಕ್ವಿಟೊದಲ್ಲಿ ಏಳು ದಿನ, ಇಬ್ಬರಿಗೆ. ಮೊದಲ ದಿನ ಬರೀ ವಿಶ್ರಾಂತಿ, ಮೆಟ್ಟಿಲು ಹತ್ತುವಂತಿಲ್ಲ. ಎರಡನೇ ದಿನ ಹಳೇ ಪೇಟೆ, ಆಲೂಗಡ್ಡೆ ಸೂಪು. ಸೆಪ್ಟೆಂಬರ್ ಇಪ್ಪತ್ತೆರಡು, ಮಧ್ಯಾಹ್ನ ಹನ್ನೆರಡು ಗಂಟೆ ಏಳು ನಿಮಿಷ: 'ಶೋಭಿ ಗೆರೆಯ ಮೇಲೆ.' ಅದರ ಕೆಳಗೆ ಎರಡು ಸಲ ಗೀಟು.

ಆ ಹಾಳೆಯನ್ನು ನೋಡಿದಾಗೆಲ್ಲ ಶೋಭಿತಾಳ ಅಂಗೈ ಬೆವರುತ್ತಿತ್ತು.

ಅವಳ ಹೊಟ್ಟೆಯಲ್ಲಿ ಎಂಟು ವಾರದ ಜೀವವಿತ್ತು. ಅದು ಅಶೋಕನಿಗೆ ಗೊತ್ತಿರಲಿಲ್ಲ.

ಇದಕ್ಕೂ ಮೊದಲು ಎರಡು ಸಲ ಗರ್ಭ ನಿಂತಿತ್ತು. ಎರಡೂ ಸಲ ಅವಳು ಗೊತ್ತಾದ ದಿನವೇ ಕುಣಿಯುತ್ತ ಎಲ್ಲರಿಗೂ ಹೇಳಿದ್ದಳು. ಎರಡೂ ಸಲ ಒಂಬತ್ತನೇ ವಾರದಲ್ಲಿ ಕಳೆದುಕೊಂಡಿದ್ದಳು. ಎರಡನೆಯ ಸಲ ಅತ್ತೆ ಪಟ್ಟಲಮ್ಮ ಅವಳ ತಲೆಗೆ ಎಣ್ಣೆ ಹಚ್ಚುತ್ತ, ಬೈಯುವ ದನಿಯಲ್ಲಲ್ಲ, ಅಳುವ ದನಿಯಲ್ಲಿ ಹೇಳಿದ್ದರು.

"ನಿನ್ ತಪ್ಪಲ್ಲ ಕಣವ್ವ. ಆದ್ರೆ ಇನ್ನೊಂದ್ ಸಲ ನಿಂತ್ರೆ, ಮೂರ್ ತಿಂಗ್ಳು ತುಂಬೋಗಂಟ ಬಾಯ್ ಬುಡಬ್ಯಾಡ. ನಂಗೂ ಏಳ್ಬ್ಯಾಡ. ನಿನ್ ಗಂಡಂಗೂ ಏಳ್ಬ್ಯಾಡ. ಎಳೇದು, ಕಣ್ ತಾಗ್ತದೆ."

ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಶೋಭಿತಾ ತರಗತಿಯಲ್ಲಿ ಪ್ರತಿ ವರ್ಷ ಇದನ್ನು ಹಲಗೆಯ ಮೇಲೆ ಬರೆಯುತ್ತಿದ್ದಳು. ಅವಳಿಗೆ ಅದು ಗೊತ್ತು... ಚೆನ್ನಾಗಿ ಗೊತ್ತು! ಆದರೆ ಪ್ರಯೋಗ ನಡೆಯುತ್ತಿರುವುದು ತನ್ನದೇ ಹೊಟ್ಟೆಯಲ್ಲಿ. ಹೇಳಿ ನೋಡಿಬಿಡೋಣ ಎನ್ನುವ ಎದೆಗಾರಿಕೆ ಯಾವ ವಿಜ್ಞಾನಿಗೆ ಇದ್ದೀತು?

ಇನ್ನೊಂದು ಮಾತೂ ಅವಳನ್ನು ಒಳಗೇ ತಿನ್ನುತ್ತಿತ್ತು. ಮೇ ತಿಂಗಳಲ್ಲಿ ಆ ಹಾಳೆ ಅಂಟಿಸುವಾಗ ಅಶೋಕ್ ಅಂದಿದ್ದ, "ಮಗು ಗಿಗು ಎಲ್ಲ ಬುಡು ಕಣೇ. ನಾವಿಬ್ರೇ ಸಾಕು. ಕ್ವಿಟೊಗೆ ಓಗನ."

ನಾವಿಬ್ರೇ ಸಾಕು... ಅಂದರೆ ಅವನು ಆಸೆ ಬಿಟ್ಟನೇ? ನನ್ನ ಮೇಲೆ ನಂಬಿಕೆ ಕಳೆದುಕೊಂಡನೇ?

ಪ್ರಯಾಣ ತಪ್ಪಿಸಲು ಅವಳು ಏನೇನೋ ನೆಪ ಹೂಡಿದಳು.

"ಅದು ನಂದಿ ಬೆಟ್ಟದ ಎರಡರಷ್ಟು ಎತ್ತರ ಕಣೋ. ಇಲ್ಲಿಗಿಂತ ಹೆಚ್ಚುಕಡಿಮೆ ಕಾಲುಭಾಗ ಆಮ್ಲಜನಕ ಕಡಿಮೆ. ತಲೆ ಸುತ್ತುತ್ತೆ."

"ಅದ್ಕೇ ಮೊದಲ್ನೇ ದಿನ ರೆಸ್ಟು ಹಾಕಿರೋದು. ನೋಡು, ಮೆಟ್ಲೂ ಹತ್ತಂಗಿಲ್ಲ."

"ಊಟ?"

"ಅವ್ವ ಆಗ್ಲೇ ರಾಗಿಹಿಟ್ಟು ಜರಡಿ ಹಿಡೀತಾವ್ಳೆ. ಏಳು ದಿನ ಮುದ್ದೆ ಇಲ್ದೆ ನನ್ ಮಗ ಎಂಗಿರ್ತನೆ ಅಂತವ್ಳೆ!"

ಅವನ ಬಳಿ ಪ್ರತಿಯೊಂದಕ್ಕೂ ಉತ್ತರವಿತ್ತು. ಕೊನೆಗೆ ಹಳದಿ ಜ್ವರದ ಲಸಿಕೆಯ ದಿನ ಗೊತ್ತಾಯಿತು. ಆ ದೇಶದಿಂದ ಮರಳುವವರ ಬಳಿ ಅದರ ಚೀಟಿ ಇರಲೇಬೇಕು. ಬೆಂಗಳೂರಿನ ಲಸಿಕಾ ಕೇಂದ್ರಕ್ಕೆ ಗುರುವಾರ ಬರಲು ಹೇಳಿದ್ದರು.

ಅರ್ಜಿಯ ನಮೂನೆಯನ್ನು ಶೋಭಿತಾ ಓದಿದಳು. ನಾಲ್ಕನೇ ಪ್ರಶ್ನೆಯನ್ನು ಮತ್ತೊಮ್ಮೆ ಓದಿದಳು.

'ನೀವು ಗರ್ಭಿಣಿಯೇ? ಹೌದು / ಇಲ್ಲ.'

ಅದು ಜೀವಂತ ವೈರಸ್ಸಿನ ಲಸಿಕೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. 'ಇಲ್ಲ' ಎಂದರೆ ಸೂಜಿ. 'ಹೌದು' ಎಂದರೆ ಗುಟ್ಟು ಹೊರಗೆ. ಎರಡರಲ್ಲಿ ಯಾವುದು ಮಗುವನ್ನು ಉಳಿಸುತ್ತದೆ?

ಮೊಟ್ಟೆ ಒಗ್ಗದವರಿಗೂ ಆ ಲಸಿಕೆ ಕೊಡುವುದಿಲ್ಲವಂತೆ. ಹಾಗೆ ಹೇಳಿಬಿಡಲೇ ಎಂದುಕೊಂಡಳು. ಆದರೆ ದಿನಾ ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು ಅವಳ ಕೈಗಿಡುವವನು ಅಶೋಕನೇ!

ಗುರುವಾರ ಮುಂಜಾನೆ ಹೊರಡುವಾಗ ಪಟ್ಟಲಮ್ಮ ಸೊಸೆಯ ಅಂಗೈಯಲ್ಲಿ ಒಂದು ನಿಂಬೆಹಣ್ಣು ತುರುಕಿದರು.

"ಬಸ್ನಲ್ಲಿ ಮೂಸ್ತಾ ಇರು. ವಾಕರ್ಕೆ ಬರಕ್ಕಿಲ್ಲ."

ಶೋಭಿತಾ ತಟ್ಟನೆ ಅತ್ತೆಯ ಮುಖ ನೋಡಿದಳು. ಅತ್ತೆಗೆ ಗೊತ್ತಾಯಿತೇ? ಗೊತ್ತಾದರೂ ಅದು 'ಹೇಳಿದಂತೆ' ಆಗುತ್ತದೆಯೇ? ಪಟ್ಟಲಮ್ಮ ಮಾತ್ರ ಬೇರೆಲ್ಲೋ ನೋಡುತ್ತಿದ್ದರು.

ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ದಾರಿಯ ಪ್ರತಿ ಉಬ್ಬಿಗೂ ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಮೈಯನ್ನು ಒಂದಿಷ್ಟು ಮೇಲಕ್ಕೆತ್ತುತ್ತಿದ್ದಳು. ಇಬ್ಬರ ನಡುವೆ ಬ್ಯಾಗು ಇಟ್ಟುಕೊಂಡಿದ್ದಳು. ಬಸ್ಸು ವಾಲಿದಾಗ ಅವನ ಮೊಣಕೈ ಹೊಟ್ಟೆಗೆ ತಾಗದಿರಲಿ ಎಂದು.

ಅಶೋಕ್ ಆ ಬ್ಯಾಗನ್ನೇ ನೋಡುತ್ತಿದ್ದ.

ಮದ್ದೂರು ರೈಲು ನಿಲ್ದಾಣದಲ್ಲಿ ವಡೆಯ ಬುಟ್ಟಿ ಹೊತ್ತವರು ಓಡಾಡುತ್ತಿದ್ದರು. ಎಣ್ಣೆಯ, ಈರುಳ್ಳಿಯ ವಾಸನೆಗೆ ಅವಳ ಕರುಳೆಲ್ಲ ಕಿತ್ತುಬಂದಂತಾಯಿತು. ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡಳು. ನಾಳೆಗೆ ಒಂಬತ್ತನೇ ವಾರ ಶುರು... ನಾಳೆಗೆ!

ದೂರದಲ್ಲಿ ರೈಲು ಕೂಗಿತು.

ಅಶೋಕ್ ಬ್ಯಾಗು ಎತ್ತಿಕೊಂಡ. "ಏಳು."

ಅವಳು ಏಳಲಿಲ್ಲ.

"ಶೋಭಿ, ಎರಡೇ ನಿಮಿಷ ನಿಲ್ಲೋದು."

"ನಾನು ಬರಲ್ಲ."

ರೈಲು ಬಂತು. ಜನ ಇಳಿದರು, ಜನ ಹತ್ತಿದರು. ಅವರಿಬ್ಬರೂ ಅಲ್ಲೇ ಇದ್ದರು. ರೈಲು ಹೊರಟುಹೋಯಿತು. ಪ್ಲಾಟ್‌ಫಾರಂ ಖಾಲಿಯಾಯಿತು.

ಅಶೋಕ್ ಬ್ಯಾಗನ್ನು ನಡುವೆ ಇಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಅವನ ದನಿ ತೀರಾ ತಗ್ಗಿತ್ತು.

"ಹೋದ ವಾರ ನೀನು ಮಂಡ್ಯದಲ್ಲಿ ಟ್ರೈನಿಂಗು ಅಂದೆ. ಅವತ್ತು ಸಂಜೆ ನಿನ್ನ ಕರ್ಕೊಂಡ್ ಬರನ ಅಂತ, ಎಷ್ಟೊತ್ತಿಗೆ ಮುಗೀತದೆ ಅಂತ ನಿಮ್ ಕಾಲೇಜಲ್ಲಿ ಕೇಳಕ್ಕೋದೆ. ಸ್ಟಾಫ್ ರೂಮಲ್ಲಿದ್ದ ಅರ್ಪಿತ ಮೇಡಂ, ಯಾವ ಟ್ರೈನಿಂಗು, ಶೋಭಿತಾ ರಜಾ ಹಾಕವ್ರೆ ಅಂದ್ರು."

ಅವಳು ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ನಾನು ಏನೂ ಕೇಳ್ಲಿಲ್ಲ. ನೀನು ಗೋಡೆ ಕಡೆ ಮುಖ ಮಾಡ್ಕೊಂಡ್ ಮಲಗ್ತೀಯ, ಕೇಳ್ಲಿಲ್ಲ. ನಾನ್ ಕಾಫಿ ತಂದ್ರೆ ಎದ್ದೋಯ್ತೀಯ, ಕೇಳ್ಲಿಲ್ಲ. ಇವತ್ತು ಮಧ್ಯೆ ಬ್ಯಾಗ್ ಇಟ್ಟೆ..." ಅವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ನನ್ ಜೊತೆ ಇರಕ್ಕೆ ಇಷ್ಟ ಇಲ್ಲ ಅಂದ್ರೆ ಹೇಳ್ಬುಡು ಕಣೇ. ಕ್ವಿಟೊ ಬ್ಯಾಡ ಅಂತಲ್ಲ, ನಾನೇ ಬ್ಯಾಡ ಅಂತ. ತಡ್ಕೋತೀನಿ."

ದೇವರೇ! ಇವನು ಹೀಗೆಂದುಕೊಂಡಿದ್ದಾನೆಯೇ?

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹೇಳಿದರೆ ಇದು ಹೋಗುತ್ತದೆ... ಹೇಳದಿದ್ದರೆ ಇವನು ಹೋಗುತ್ತಾನೆ...

"ಅವತ್ತು... ಸ್ಕ್ಯಾನಿಂಗಿಗೆ ಹೋಗಿದ್ದೆ." ಮಾತುಗಳು ಒಂದೊಂದಾಗಿ ಬಿದ್ದವು. "ಅಕ್ಕಿಕಾಳಿನಷ್ಟು ಜಾಗದಲ್ಲಿ ಎದೆ ಮಿಡಿತಾ ಇತ್ತು ಕಣೋ. ನಾಳೆಗೆ ಒಂಬತ್ತನೇ ವಾರ. ಎರಡು ಸಲಾನೂ ನಾನು ಹೇಳಿ ಕಳ್ಕೊಂಡೆ. ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳ್ಬೇಡ ಅಂದಿದ್ರು ಅತ್ತೆ. ಅದಕ್ಕೇ ಈ ಸಲ..."

ಅಷ್ಟು ಹೇಳಿದ್ದೇ ತಡ, ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ಭಯ ಕುಣಿಯಿತು.

"ಅಯ್ಯೋ... ಹೇಳ್ಬಿಟ್ಟೆ! ಅಶೋಕ, ಹೇಳ್ಬಿಟ್ಟೆ! ಏನಾದ್ರೂ ಆದ್ರೆ?"

ಅಶೋಕ್ ಎದ್ದು ನಿಂತ. ಮತ್ತೆ ಕುಳಿತ. ಬಾಯಿ ತೆರೆದು ಏನೋ ಕೇಳಹೋದವನು, ಹೆಂಡತಿಯ ಆ ಕಣ್ಣುಗಳನ್ನು ನೋಡಿ ಅಲ್ಲಿಗೇ ನಿಲ್ಲಿಸಿದ. ಇದೆಲ್ಲ ಮೂಢನಂಬಿಕೆ ಎನ್ನಬಹುದಿತ್ತು. ಅವನು ಅನ್ನಲಿಲ್ಲ.

ಬ್ಯಾಗನ್ನು ನಡುವಿನಿಂದ ತೆಗೆದು ಆಚೆಗಿಟ್ಟ. ಹತ್ತಿರ ಸರಿದ.

"ನಂಗೇನೂ ಗೊತ್ತಿಲ್ಲ."

"ಏನು...?"

"ನಂಗೇನೂ ಗೊತ್ತಿಲ್ಲ ಕಣೇ. ನೀನು ಯಾರ್ಗೂ ಏನೂ ಹೇಳಿಲ್ಲ. ಮೂರು ತಿಂಗ್ಳು ತುಂಬಿದ ದಿನ ಹೇಳು. ಅವತ್ತು ಮೊದಲ್ನೇ ಸಲ ಕೇಳ್ದಂಗೆ, ಬೀದೀಲಿ ನಿಂತು ಕುಣೀತೀನಿ."

ಅವಳ ಎದೆಯಲ್ಲಿ ಕಟ್ಟಿದ್ದದ್ದು ಒಡೆಯಿತು. ಅವನ ಭುಜಕ್ಕೆ ಮುಖ ಒತ್ತಿ ಬಿಕ್ಕಿದಳು.

"ನಾವಿಬ್ರೇ ಸಾಕು ಅಂದ್ಯಲ್ಲ ನೀನು..."

"ಮಗು ಬ್ಯಾಡ ಅಂತ ಅಂದಿದ್ನಾ? ಹೋದ ವರ್ಷ ನೆರಳಿನ ದಿನ ನೀನು ಪೈಪು ನೆಡ್ಲಿಲ್ಲ. ಈ ವರ್ಷಾನೂ ನೆಡ್ಲಿಲ್ಲ. ನನ್ ಕಾಲು ಎತ್ತಿ ನಿಲ್ಸಿದ್ ಆ ಮೇಡಂ ಎಲ್ಲಿ ಕಳ್ದೋದ್ಲೋ ಅಂತ ಎದ್ರಿಕೊಂಡಿದ್ದೆ. ಆ ಗೆರೆ ಮೇಲಾದ್ರೂ ಸಿಕ್ತಾಳೇನೋ ಅಂತ..."

ಅವನು ಜೇಬಿನಿಂದ ಒಂದು ಹಾಳೆ ತೆಗೆದ. ಕ್ವಿಟೊದ ಏಳು ದಿನಗಳ ನಕಲು, ನಾಲ್ಕು ಮಡಿಕೆ. ಸರ್ವೆಯವರ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು, ಕೆಳಗೆ ದುಂಡಗೆ ಬರೆದ: 'ಬಾಜುದಾರರಿಗೆ ನೋಟೀಸು ಮುಟ್ಟಿಲ್ಲ. ಅಳತೆ ಮುಂದೂಡಿದೆ.'

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. "ಏನೂ ಗೊತ್ತಿಲ್ಲ ಅಂದೆ?"

"ಗೊತ್ತಿಲ್ಲ. ರೂಲು ಅಂದ್ರೆ ರೂಲು ಅಷ್ಟೇ!"

"ಯಾವಾಗಿಗೆ ಮುಂದೂಡಿದ್ದು?"

"ಬಾಜುದಾರರು ಕಾಲ್ ಮೇಲೆ ನಿಂತ್ಕಳೋ ದಿನಕ್ಕೆ."

ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಳವಳ್ಳಿಗೆ ಹೊರಟ ಎರಡು ಬಸ್ಸುಗಳನ್ನು ಅಶೋಕ್ ಬಿಟ್ಟುಬಿಟ್ಟ. ಎರಡರಲ್ಲೂ ಹಿಂದಿನ ಚಕ್ರದ ಮೇಲಿನ ಸೀಟುಗಳಷ್ಟೇ ಖಾಲಿಯಿದ್ದವು.

"ಯಾಕೋ ಹತ್ತಲಿಲ್ಲ?"

"ಸುಮ್ನೆ. ಮಧ್ಯದ ಸೀಟು ಸಿಗೋ ಬಸ್ಸಿಗೆ ಕಾಯನ."

ಬಿಸಿಲು ಏರುತ್ತಿತ್ತು. ಇಬ್ಬರ ನೆರಳೂ ಒಂದೇ ಆಗಿ ಕಾಲಬುಡದಲ್ಲಿ ಬಿದ್ದಿತ್ತು. ನಾಳೆ ಬರುವುದಿತ್ತು. ನಾಡಿದ್ದೂ.

"ಅಶೋಕ... ಅಲ್ಲಿವರೆಗೂ ನಾನು ಏನೂ ಮಾತಾಡೋ ಹಾಗಿಲ್ವಾ?"

ಅವನು ಅವಳ ಬೆವರಿದ ಅಂಗೈಯನ್ನು, ಅದರೊಳಗಿನ ನಿಂಬೆಹಣ್ಣಿನ ಸಮೇತ, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಸುದ್ದಿ ಹೇಳ್ಬ್ಯಾಡ ಅಂತ ಅವ್ವ ಅಂದಿರೋದು. ಭಯ ಹೇಳ್ಬ್ಯಾಡ ಅಂತ ಯಾರೂ ಅಂದಿಲ್ವಲ್ಲ."

ಶೋಭಿತಾ ಅವನ ಪಕ್ಕಕ್ಕೆ ಇನ್ನಷ್ಟು ಸರಿದಳು. ಆಮೇಲೆ ಮೆಲ್ಲಗೆ ಅಂದಳು.

"ತುಂಬಾ ಭಯ ಆಗ್ತಿದೆ ಕಣೋ."

"ನಂಗೂ ಕಣೇ."