ಹಿಂದಿನ ಪುಟದಿಂದ ಹನ್ನೊಂದು ಹೆಜ್ಜೆ

ಅವನು ಬರೆದ ಸಾಲನ್ನು ಕಂಡೊಡನೆ ಅವಳ ಕೈಯಲ್ಲಿದ್ದ ಮೊಹರು ಜಾರಿ ಮೇಜಿನ ಮೇಲೆ ಉರುಳಿತು.

ಆ ಬೆಳಿಗ್ಗೆ ಸಂಸ್ಥೆಯ ಕಚೇರಿಗೆ ಬಂದವನು ಎತ್ತರದ, ಮಾತು ಕಡಿಮೆಯ ಮನುಷ್ಯ. ಹೆಗಲ ಚೀಲದಿಂದ ಊರುಗೋಲಿನ ರಬ್ಬರು ಬಿರಡೆಗಳು ಇಣುಕುತ್ತಿದ್ದವು. ಹೊಸಬನಿರಬೇಕೆಂದು ಅವಳು ಎಂದಿನಂತೆ ಒಂದು ಚೀಟಿ ಮುಂದಿಟ್ಟು, ನಿಮ್ಮ ವಿಷಯ ನೀವೇ ಒಂದು ಸಾಲು ಬರೆದುಕೊಡಿ, ಸಿಬ್ಬಂದಿ ಸಮಾಚಾರದಲ್ಲಿ ಹಾಕಬೇಕು ಎಂದಿದ್ದಳು.

ಸಿಬ್ಬಂದಿ ಸಮಾಚಾರವೆಂದರೆ ತಿಂಗಳಿಗೊಮ್ಮೆ ಅವಳು ಸಿದ್ಧಪಡಿಸುವ ಎರಡು ಪುಟದ ಹಾಳೆ. ಯಾರು ಸೇರಿದರು, ಯಾರು ನಿವೃತ್ತರಾದರು, ಯಾರ ಮನೆಯಲ್ಲಿ ತೊಟ್ಟಿಲು ತೂಗಿತು, ಎಲ್ಲವೂ ಅದರಲ್ಲಿ. ಈ ಸಲದ್ದು ವಿಶೇಷ ಸಂಚಿಕೆ. ಸಂಸ್ಥೆಗೆ ಮೂವತ್ತು ವರ್ಷ ತುಂಬಲು ಇನ್ನು ಎಂಟೇ ದಿನ.

ಅವನು ಬರೆದ. 'ಬಿದ್ದವರಿಗೆ ನಡೆಯಲು ಕಲಿಸುತ್ತೇನೆ. ಮೊದಲೂ ಇಲ್ಲೇ ಇದ್ದೆ.'

ಬಲಕ್ಕೆ ವಾಲಿದ, ಸಾಲಿನ ಕೊನೆಗೆ ಬರುತ್ತ ಬರುತ್ತ ಮೇಲಕ್ಕೇರುವ ಆ ಬರಹ! ಒಂದು ವರ್ಷ ದಿನವೂ ಕಾದು ಓದಿದ್ದ ಬರಹ... ನಾಲ್ಕು ವರ್ಷದಿಂದ ಮರೆಯಲು ಹೆಣಗುತ್ತಿದ್ದ ಬರಹ.

"ನಡಿಗೆ ಮೇಷ್ಟ್ರು... ನೀವೇನಾ?"

ಅವನು ತಲೆಯೆತ್ತಿ ನೋಡಿದ. ಮೇಜಿನ ಮೇಲೆ ಅವಳು ಬರೆದಿಟ್ಟಿದ್ದ ಹಾಳೆಗಳನ್ನೂ ನೋಡಿದ. ಅವನಿಗೂ ಗುರುತು ಸಿಕ್ಕಿತು.

"ಹೌದು. ನಾನೇ."

"ಆವತ್ತು ಗುರುವಾರ. ನೀವು ಬರ್ಲಿಲ್ಲ."

ಅವನ ಮುಖದ ಬಣ್ಣ ಇಳಿಯಿತು. "ಪುಸ್ತಕ ನೋಡಿದ್ರಾ?"

"ಇಲ್ಲ. ನೋಡೋದೂ ಇಲ್ಲ."

"ಹಾಗಾದ್ರೆ ನಾನೇನೂ ಹೇಳ್ಬಾರ್ದು," ಎಂದು ಅವನು ಚೀಲ ಎತ್ತಿಕೊಂಡು ಹೊರಟುಹೋದ.

ಅವಳು ಆ ಚೀಟಿಯನ್ನು ಕೈಗೆತ್ತಿಕೊಂಡಳು. ಹರಿದು ಹಾಕಲೂ ಆಗಲಿಲ್ಲ, ಕಡತಕ್ಕೆ ಸೇರಿಸಲೂ ಆಗಲಿಲ್ಲ.

ಈ ಸಂಸ್ಥೆಯವರು ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವವರು. ಅಂಥ ಪ್ರತಿ ಮನೆಯಲ್ಲೂ ತಲೆದಿಂಬಿನ ಪಕ್ಕ ಒಂದು ಪುಸ್ತಕವಿರುತ್ತದೆ. ಅದಕ್ಕೆ ಮನೆಪುಸ್ತಕವೆಂದೇ ಹೆಸರು. ಬಂದವರು ಮಾಡಿದ್ದನ್ನು ಅದರಲ್ಲಿ ಬರೆಯಬೇಕು. ಮನೆಯವರೂ ಬರೆಯಬಹುದು.

ಐದು ವರ್ಷದ ಹಿಂದೆ ಅವಳ ತಾಯಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಮನೆಯಲ್ಲಿ ಇದ್ದವರು ತಾಯಿ ಮಗಳು ಇಬ್ಬರೇ. ಅವಳಿಗೆ ಆಗ ಬ್ರೆಡ್ಡಿನ ಕಾರ್ಖಾನೆಯಲ್ಲಿ ಕೆಲಸ. ನಸುಕಿನಲ್ಲೇ ಹೊರಟರೆ ಮಧ್ಯಾಹ್ನ ಹನ್ನೆರಡಕ್ಕೆ ಮರಳುವಳು. ನಡಿಗೆ ಮೇಷ್ಟ್ರು ಬರುತ್ತಿದ್ದುದು ಹತ್ತಕ್ಕೆ. ಒಂದು ದಿನವೂ ಒಬ್ಬರ ಮುಖ ಒಬ್ಬರು ಕಾಣಲಿಲ್ಲ.

ಆದರೆ ಪುಸ್ತಕವಿತ್ತು.

'ನಿನ್ನೆ ಅಮ್ಮನಿಗೆ ಎಡ ಭುಜ ನೋವಿತ್ತು' ಎಂದು ಅವಳು ಬರೆದಿಟ್ಟು ಹೋದರೆ, ಮರಳಿದಾಗ ಅದರ ಕೆಳಗೆ ಅವನ ಸಾಲು ಇರುತ್ತಿತ್ತು. 'ಬಿಸಿ ಬಟ್ಟೆ ಇಟ್ಟಿದ್ದೇನೆ. ಈಗ ಪರವಾಗಿಲ್ಲ. ನಿಮ್ಮ ಕೈ ಸುಟ್ಟಿದೆಯಂತೆ, ಪಕ್ಕದ ಮನೆಯವರು ಹೇಳಿದರು. ಮುಲಾಮು ಕಿಟಕಿಯಲ್ಲಿದೆ.' ಇನ್ನೊಂದು ದಿನ, 'ಇಂದು ಅಮ್ಮ ನಕ್ಕರು.' ಅಷ್ಟೇ. ಆ ಎರಡು ಮಾತಿಗಾಗಿ ಅವಳು ಬಸ್ ನಿಲ್ದಾಣದಿಂದ ಮನೆಯವರೆಗೆ ಬೇಗ ಬೇಗ ನಡೆದು ಬರುವಂತಾಯಿತು. ಅದಕ್ಕೆ ಏನು ಹೆಸರೆಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಗೊತ್ತಿತ್ತು.

ಆಮೇಲೆ ಆ ಗುರುವಾರ ಬಂತು.

ಒಂಬತ್ತಕ್ಕೆ ಇಣುಕಿದ ಪಕ್ಕದ ಮನೆಯ ಚಿಕ್ಕಮ್ಮನೇ ಮೊದಲು ಕಂಡದ್ದು. ತಾಯಿ ಹಾಸಿಗೆಯಲ್ಲಿರಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿದ್ದಳು, ಉಸಿರಿರಲಿಲ್ಲ. ಬೆಳಗಿನಿಂದ ಯಾರೂ ಬಂದದ್ದು ತಾನು ನೋಡಿಲ್ಲವೆಂದು ಚಿಕ್ಕಮ್ಮ ಅಳುತ್ತ ಹೇಳಿದಳು. ಹತ್ತು ಗಂಟೆಗೂ ಅವನು ಬರಲಿಲ್ಲ, ಹನ್ನೊಂದಕ್ಕೂ ಬರಲಿಲ್ಲ. ಅಂದೇ ಸಂಸ್ಥೆಯ ದಾದಿ ಬಂದು, ಅಲ್ಲಿನ ರೂಢಿಯಂತೆ ಮನೆಪುಸ್ತಕಕ್ಕೆ ಬಿಳಿ ದಾರ ಸುತ್ತಿ ಕೊಂಡೊಯ್ದಳು.

ನಡೆಯಲಾರದ ಜೀವ ಬಾಗಿಲವರೆಗೆ ಹೇಗೆ ಬಂತು? ಮೇಷ್ಟ್ರು ಬರುವರೆಂದು ಕಾದು, ಯಾರೂ ಬಾರದೆ, ತೆವಳಿಕೊಂಡು ಬಂದು, ಕುರ್ಚಿ ಹಿಡಿದು ಮೇಲೆದ್ದು, ಅಲ್ಲಿ ಒಬ್ಬಳೇ... ಮುಂದಕ್ಕೆ ಯೋಚಿಸಲು ಅವಳಿಗೆ ಎಂದೂ ಆಗಲಿಲ್ಲ. ಅವಳು ಸಂಸ್ಥೆಗೆ ದೂರು ಬರೆದಳು. ಅವನು ದೂರದ ಶಾಖೆಗೆ ಹೋದನೆಂದು ತಿಳಿದಾಗ ಶಿಕ್ಷೆಯಾಯಿತೆಂದೇ ಎಣಿಸಿದಳು. ಸಂಸ್ಥೆ ಕಟ್ಟಿದ ಹಿರಿಯಾಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಕೆ ಒಮ್ಮೆ ಮನೆಗೆ ಬಂದು, ಪುಸ್ತಕ ಓದುವುದಾದರೆ ಬಾ ಮಗಳೇ ಎಂದು ಕರೆದಾಗ, ಅವನ ಅಕ್ಷರ ನನ್ನ ಕಣ್ಣಿಗೆ ಬೀಳುವುದು ಬೇಡ ಎಂದುಬಿಟ್ಟಳು.

ದೊಡ್ಡಮ್ಮ ಒತ್ತಾಯಿಸಲಿಲ್ಲ. ಸತ್ತವರ ಪುಸ್ತಕದ ದಾರವನ್ನು ಮನೆಯವರೇ ಬಿಚ್ಚಬೇಕು, ದೂರು ಬಂದರಷ್ಟೇ ತಾನೂ ತೆರೆಯಬಹುದು, ಅದರಲ್ಲಿರುವುದನ್ನು ಬೇರೆಯವರು ಬಾಯಿಬಿಡಬಾರದು ಎಂಬುದು ಆಕೆಯೇ ಮಾಡಿದ ನಿಯಮ. ವರ್ಷ ಕಳೆದ ಮೇಲೆ, ಕಾರ್ಖಾನೆಯ ಶಾಖಕ್ಕೆ ಕಣ್ಣು ಸೋತ ಅವಳನ್ನು ಕರೆದು ಕಚೇರಿಯಲ್ಲಿ ಕೂರಿಸಿದಳು.

ಈಗ ಆ ದೊಡ್ಡಮ್ಮನೇ ಊರುಗೋಲು ಊರಿಕೊಂಡು ಅವಳ ಮೇಜಿನ ಬಳಿ ಬಂದಳು. ಸಂಸ್ಥೆಯ ಹುಟ್ಟುಹಬ್ಬದ ದಿನವೇ ಹೊಸ ನಡಿಗೆ ಶಾಲೆ ತೆರೆಯುತ್ತದೆ, ಅದನ್ನು ನೋಡಿಕೊಳ್ಳಲು ತಾನೇ ಮೇಷ್ಟ್ರನ್ನು ಕರೆಸಿದ್ದೇನೆ ಎಂದಳು.

"ಒಂದು ಷರತ್ತು ಹಾಕಿದ್ದಾನೆ ಪುಣ್ಯಾತ್ಮ. ಸಮಾಚಾರದಲ್ಲಿ ನೀನಾಗಿ ಅವನ ಸಾಲು ಹಾಕಿದ್ರೆ ಇರ್ತಾನಂತೆ. ಇಲ್ದಿದ್ರೆ ಸಮಾರಂಭ ಮುಗಿಸ್ಕೊಂಡು ಐದು ಗಂಟೆ ಬಸ್ಸಿಗೆ ವಾಪಸ್."

"ನಾನು ಹಾಕಲ್ಲ ದೊಡ್ಡಮ್ಮ."

"ಹಾಕು ಅಂತ ನಾನೆಲ್ಲಿ ಹೇಳ್ದೆ?" ಎಂದು ಆಕೆ ಊರುಗೋಲು ತಿರುಗಿಸಿದಳು.

ಹಾಳೆ ಅಚ್ಚಾಯಿತು. ಇನ್ನೂರು ಪ್ರತಿ. ಮೂವರು ನಿವೃತ್ತರಾದದ್ದು, ಇಬ್ಬರು ದಾದಿಯರ ಬಡ್ತಿ, ವ್ಯಾನ್ ಓಡಿಸುವ ಮಾವನಿಗೆ ಮೊಮ್ಮಗಳು ಹುಟ್ಟಿದ್ದು, ಎಲ್ಲವೂ ಇದ್ದವು. ನಡಿಗೆ ಮೇಷ್ಟ್ರ ಸಾಲು ಇರಲಿಲ್ಲ.

ಹುಟ್ಟುಹಬ್ಬದ ಬೆಳಿಗ್ಗೆ ದೊಡ್ಡ ಸಭಾಂಗಣದ ಬಾಗಿಲು ತೆರೆದಾಗ ಒಳಗೆ ಕಾಲಿಟ್ಟವರೆಲ್ಲ ಯಾರೂ ಹೇಳದೆ ದನಿ ತಗ್ಗಿಸಿದರು.

ಈ ಗೋಡೆಯಿಂದ ಆ ಗೋಡೆಯವರೆಗೆ ಮೇಜುಗಳು. ಮೇಜುಗಳ ತುಂಬ ಮನೆಪುಸ್ತಕಗಳು. ಮೂವತ್ತು ವರ್ಷದವು, ಮೂರು ಸಾವಿರಕ್ಕೂ ಮೇಲೆ. ಒಂದೊಂದಕ್ಕೂ ಬಿಳಿ ದಾರ. ಕಿಟಕಿಯ ಬಿಸಿಲು ಅವುಗಳ ಮೇಲೆ ಬಿದ್ದು, ಹಾಲು ಚೆಲ್ಲಿದಂತೆ ಕಾಣುತ್ತಿತ್ತು.

ಮನೆಯವರನ್ನೆಲ್ಲ ದೊಡ್ಡಮ್ಮ ಕರೆಸಿದ್ದಳು. ಅವರು ತಮ್ಮ ತಮ್ಮವರ ಪುಸ್ತಕ ಹುಡುಕಿ ದಾರ ಬಿಚ್ಚುತ್ತಿದ್ದರು. ಒಬ್ಬ ಮುದುಕ ತನ್ನ ಹೆಂಡತಿಯ ಪುಸ್ತಕ ತೆರೆದು ಒಂದೇ ಸಾಲಿನ ಮೇಲೆ ಬೆರಳಾಡಿಸುತ್ತ ನಿಂತಿದ್ದ. 'ಇಂದು ಅರ್ಧ ಲೋಟ ಹಾಲು ಕುಡಿದರು.' ಉಗುರು ಕತ್ತರಿಸಿದೆ. ಬೆನ್ನು ಒರೆಸಿದೆ. ಕಿಟಕಿ ತೆಗೆಯಿರಿ ಎಂದರು, ತೆಗೆದೆ. ಎಲ್ಲಿ ನೋಡಿದರೂ ಇಂಥ ಸಣ್ಣ ಸಣ್ಣ ಮಾತುಗಳು. ದೇವರು ಲೋಕವನ್ನು ಹೇಗೆ ಸಾಕುತ್ತಾನೆಂದು ಕೇಳುವವರು ಆ ಮೇಜುಗಳ ನಡುವೆ ಒಮ್ಮೆ ನಡೆದು ಬಂದರೆ ಸಾಕಿತ್ತು.

ಅವಳ ಎದೆ ತುಂಬಿ ಬಂತು. ಇಷ್ಟು ಮನೆಗಳೇ? ಇಷ್ಟು ಕೈಗಳೇ? ಯಾರಿಗೂ ಕಾಣದೆ ಇಷ್ಟೆಲ್ಲ ನಡೆಯುತ್ತಿತ್ತೇ?

ಕಾಲುಗಳು ತಾವಾಗಿ ಅವಳನ್ನು ಆ ವರ್ಷದ ಮೇಜಿಗೆ ಕರೆದೊಯ್ದವು. ನೀಲಿ ರಟ್ಟು, ಮೂಲೆಯಲ್ಲಿ ಅವಳೇ ಚೆಲ್ಲಿದ್ದ ಎಣ್ಣೆಯ ಕಲೆ. ಕೈ ಚಾಚಿದಳು, ಹಿಂದೆಗೆದಳು. ಮತ್ತೆ ಚಾಚಿದಳು. ದಾರ ಬಿಚ್ಚಿಕೊಂಡಿತು.

ಕೊನೆಯ ದಿನದ ಪುಟ ಹುಡುಕಿದಳು. 'ಗುರುವಾರ, ಬೆಳಿಗ್ಗೆ ಏಳು ಗಂಟೆ. ಹತ್ತಕ್ಕೆ ವ್ಯಾನ್ ಇಲ್ಲದ್ದರಿಂದ ಬೇಗ ಬಂದೆ. ಉಳಿದದ್ದು ಪುಸ್ತಕದ ಹಿಂಬದಿಯ ಪುಟಗಳಲ್ಲಿ.'

ಬಂದಿದ್ದ... ಬಂದಿದ್ದ! ಚಿಕ್ಕಮ್ಮ ಬಾಗಿಲು ತೆರೆಯುವ ಮೊದಲೇ ಬಂದು ಹೋಗಿದ್ದ.

ಪುಸ್ತಕವನ್ನು ಬೋರಲು ಹಾಕಿ ಹಿಂದಿನಿಂದ ತೆರೆದಳು. ಆ ಒಂದು ವರ್ಷದಲ್ಲಿ ಅವಳು ಎಂದೂ ತೆರೆದು ನೋಡದ ಪುಟಗಳು.

ಮಕ್ಕಳು ಗೀಚಿದಂಥ ದೊಡ್ಡ ಸೊಟ್ಟ ಅಕ್ಷರಗಳು. ಅಮ್ಮನ ಎಡಗೈ ಬರಹ. ಅವಳಿಗೆ ತಿಳಿಯದಂತೆ ಅಮ್ಮ ಎಡಗೈಯಲ್ಲಿ ಬರೆಯಲು ಕಲಿತಿದ್ದಳು!

'ಮಗಳಿಗೆ ಹೇಳಬೇಡಿ. ಒಂದು ದಿನ ಅವಳು ಬರುವಾಗ ಬಾಗಿಲಲ್ಲಿ ಇರಬೇಕು.' ಅದರ ಕೆಳಗೆ ಅವನದು. 'ಹೇಳುವುದಿಲ್ಲ. ಹಾಸಿಗೆಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ.' ಆಮೇಲೆ ದಿನಕ್ಕೊಂದು ಅಂಕಿ. ಸೊನ್ನೆ. ಸೊನ್ನೆ. ಒಂದು. ಒಂದು. ಮೂರು. ಎರಡು. ಐದು.

ನಡುವೆ ಒಂದು ಪುಟದಲ್ಲಿ ಅಮ್ಮ ಬರೆದಿದ್ದಳು. 'ಮೇಷ್ಟ್ರೇ, ನನ್ನ ಮಗಳ ಸಾಲನ್ನು ಎರಡು ಸಲ ಓದುತ್ತೀರಿ.'

'ಅಕ್ಷರ ಸಣ್ಣದು, ಅದಕ್ಕೆ.'

'ಸುಳ್ಳು. ಕಿವಿ ಕೆಂಪಾಗಿದೆ.'

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಪಕ್ಕದಲ್ಲಿದ್ದ ಮುದುಕ ತನ್ನ ಕರವಸ್ತ್ರ ಕೊಟ್ಟು, ಏನನ್ನೂ ಕೇಳದೆ ಅತ್ತ ತಿರುಗಿದ.

ಕೊನೆಯದು ಆ ಗುರುವಾರದ್ದು. ಅವನ ಬರಹ. 'ಹನ್ನೊಂದು. ನನ್ನ ಕೈ ಹಿಡಿಯಲಿಲ್ಲ. ತಾವೇ ನಡೆದರು.' ಅದರ ಕೆಳಗೆ ಅಮ್ಮನದು. 'ಇಲ್ಲೇ ಕೂತಿರುತ್ತೇನೆ. ಅವಳು ಬರಲಿ.'

ಅಮ್ಮ ತೆವಳಿರಲಿಲ್ಲ. ನಡೆದಿದ್ದಳು! ಮಗಳಿಗಾಗಿ ನಡೆದು, ಮಗಳ ದಾರಿ ನೋಡುತ್ತ ಕುಳಿತಿದ್ದಳು. ನಾಲ್ಕು ವರ್ಷ ಎದೆಯ ಮೇಲೆ ಕುಳಿತಿದ್ದ ಕಲ್ಲನ್ನು ಯಾರೋ ಎರಡು ಕೈಯಿಂದ ಮೆಲ್ಲಗೆ ಎತ್ತಿ ಕೆಳಗಿಟ್ಟಂತಾಯಿತು. ಅವಳು ಪುಸ್ತಕವನ್ನು ಹಣೆಗೆ ಒತ್ತಿಕೊಂಡು ನಿಂತಳು.

ಹೊಸ ನಡಿಗೆ ಶಾಲೆಯಲ್ಲಿ ಅವನೊಬ್ಬನೇ ಇದ್ದ. ಹಿಡಿದು ನಡೆಯುವ ಜೋಡಿ ಕಂಬಿಗಳ ತಿರುಪು ಬಿಗಿ ಮಾಡುತ್ತಿದ್ದ. ಮೂಲೆಯಲ್ಲಿ ಚೀಲ ಕಟ್ಟಿಟ್ಟಿತ್ತು. ಅವಳ ಕೈಯಲ್ಲಿದ್ದ ನೀಲಿ ಪುಸ್ತಕ ಕಂಡು ಎದ್ದು ನಿಂತ.

"ಯಾಕೆ ಹೇಳ್ಲಿಲ್ಲ?" ಎಂದಳು ಅವಳು. "ಇಷ್ಟು ವರ್ಷ... ಒಂದು ಮಾತು ಹೇಳ್ಬಹುದಿತ್ತಲ್ಲ?"

"ನಿಯಮ ಅಂತ ಒಂದಿದೆ. ಆದ್ರೆ ಅದೊಂದೇ ಅಲ್ಲ." ಅವನು ತಿರುಪುಳಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಅಮ್ಮನ್ನ ವಾಪಸ್ ಹಾಸಿಗೇಲಿ ಮಲಗಿಸಿ ಹೋಗ್ಬೇಕಿತ್ತು. ಬೇಡ ಅಂತ ತಲೆ ಆಡಿಸಿದ್ರು, ನಾನೂ ಒಪ್ಕೊಂಡೆ. ಒಬ್ಬರನ್ನೇ ಕುರ್ಚೀಲಿ ಬಿಟ್ಟು ಹೋದೆ. ನೀವು ದೂರು ಕೊಟ್ಟಾಗ ದೊಡ್ಡಮ್ಮ ಪುಸ್ತಕ ಓದಿ ನಿನ್ನ ತಪ್ಪಿಲ್ಲ ಅಂದ್ರು. ನನಗೇ ನಂಬಿಕೆ ಬರ್ಲಿಲ್ಲ. ನಾನಾಗೇ ಕೇಳ್ಕೊಂಡು ದೂರ ಹೋದೆ."

ಶಿಕ್ಷೆಯನ್ನು ಅವನೇ ತನಗೆ ಕೊಟ್ಟುಕೊಂಡಿದ್ದ. ಅವಳು ಪುಸ್ತಕದ ಕೊನೆಯ ಸಾಲನ್ನು ಅವನ ಮುಂದೆ ಹಿಡಿದಳು.

"ಇಲ್ಲೇ ಕೂತಿರ್ತೀನಿ ಅಂತ ಅಮ್ಮ ಬರ್ದಿದ್ದಾಳೆ. ನೀವು ಅವಳನ್ನ ಬಿಟ್ಟು ಹೋಗ್ಲಿಲ್ಲ ಮೇಷ್ಟ್ರೇ. ಅವಳು ಎಲ್ಲಿಗೆ ಹೋಗ್ಬೇಕು ಅಂತಿದ್ದಳೋ ಅಲ್ಲಿಗೆ ತಲುಪಿಸಿದ್ರಿ."

ಅವನು ಮುಖ ತಿರುಗಿಸಿಕೊಂಡ. ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ನೂರಾರು ಜನರನ್ನು ಎಬ್ಬಿಸಿ ನಿಲ್ಲಿಸಿದ ಕೈಗೂ ಆಸರೆ ಬೇಕಾಗುತ್ತದೆಂದು ಅವಳು ಅಂದು ಕಂಡಳು. ಮೆಲ್ಲಗೆ ಆ ಕೈಯ ಮೇಲೆ ತನ್ನ ಕೈಯಿಟ್ಟಳು.

"ಐದು ಗಂಟೆ ಬಸ್ಸಿಗೆ ಹೋಗ್ಬೇಡಿ. ನನಗೆ ಒಂದು ಗಂಟೆ ಕೆಲಸ ಇದೆ," ಎಂದಷ್ಟೇ ಹೇಳಿ ಹೊರಟಳು.

ಸಮಾಚಾರದ ಇನ್ನೂರು ಪ್ರತಿಗಳು ಬಾಗಿಲ ಬಳಿ ಹಂಚಲು ಸಿದ್ಧವಾಗಿದ್ದವು. ಅವಳು ಅಷ್ಟನ್ನೂ ಮೇಜಿಗೆ ತರಿಸಿಕೊಂಡು ಪೆನ್ನು ಹಿಡಿದು ಕುಳಿತಳು. ಹಾಳೆ ಸರಿಸಿ ಕೊಡುತ್ತಿದ್ದ ವ್ಯಾನ್ ಮಾವ ಐವತ್ತನೆಯದಕ್ಕೇ ಸೋತು, ನನ್ನ ಮೊಮ್ಮಗಳು ಹುಟ್ಟಿದ್ದಕ್ಕೆ ಯಾರೂ ಇಷ್ಟು ಕಷ್ಟಪಡಲಿಲ್ಲವಲ್ಲ ತಾಯಿ ಎಂದು ಗೊಣಗಿದ. ಆದರೂ ಎದ್ದು ಹೋಗಲಿಲ್ಲ.

ಅವನ ಪ್ರತಿಯನ್ನು ಅವಳೇ ಕೊಂಡೊಯ್ದು ಕೊಟ್ಟಳು. ಹಾಳೆಯ ತುದಿಯಲ್ಲಿ ಕೈಬರಹದ ಸಾಲು. 'ನಡಿಗೆ ಮೇಷ್ಟ್ರು ಮರಳಿ ಬಂದಿದ್ದಾರೆ.'

ಅವನು ಓದಿ, ಹಾಳೆಯನ್ನು ತಿರುಗಿಸಿಯೂ ನೋಡಿದ. "ಎಷ್ಟು ದಿನಕ್ಕೆ ಅಂತ ಬರ್ದಿಲ್ಲ."

"ಬರ್ದಿದ್ದೀನಿ. ಕೆಳಗಿದೆ ನೋಡಿ. ನಿಮ್ಮ ಹಾಳೇಲಿ ಮಾತ್ರ."

ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಆ ಸಾಲಿನ ಕೆಳಗೆ, ಇರುವೆ ಸಾಲಿನಷ್ಟು ಸಣ್ಣಗೆ, 'ನನ್ನ ಜೊತೆ, ನಾವಿಬ್ಬರೂ ಇರುವಷ್ಟು ಕಾಲ.'

ಓದಿದ. ಮತ್ತೊಮ್ಮೆ ಮೊದಲಿನಿಂದ ಓದಿದ. ಅವನ ಕಿವಿಗಳು ಮೆಲ್ಲಗೆ ಕೆಂಪೇರುವುದನ್ನು ಅವಳು ಕಣ್ತುಂಬ ನೋಡಿದಳು. ಅಮ್ಮ ಮಾತ್ರ ಕಂಡಿದ್ದ ಕೆಂಪು ಅದು.

"ಅಕ್ಷರ ಸಣ್ಣದು..." ಎಂದ ಅವನು.

"ಸುಳ್ಳು," ಎಂದಳು ಅವಳು.