ಹನ್ನೆರಡನೆಯ ಗಿರಾಕಿ

ಆಕರ್ಷನ ಮೈ ಉರಿದದ್ದು ಗ್ರಾಫಿಕ್ಸ್ ಕಾರ್ಡ್ ಸತ್ತದ್ದಕ್ಕಲ್ಲ. ಸತ್ತ ಕಾರ್ಡ್ ಹಿಡಿದು ನಿಂತವನನ್ನು ನೋಡಿ ಜಿಬಿನ್ ನಕ್ಕದ್ದಕ್ಕೆ.

ಆ ಕಾರ್ಡ್ ಆರಿಸಲು ಅವನು ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದ. ತಿರುವನಂತಪುರದ ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದ ಅಪ್ಪ ಶ್ರೀಪತಿ ಫೋನಿನಲ್ಲೇ ಗೆರೆ ಎಳೆದಿದ್ದರು. "ಹದಿನೈದು ಸಾವಿರ ಕೊಡ್ತೀನಿ. ಆಟಕ್ಕೆ ಅಂತ ಇದೇ ಕೊನೆ. ಡಿಗ್ರಿ ಮುಗಿಯೋವರೆಗೂ ಇನ್ನೊಂದು ಮಾತಿಲ್ಲ." ಅಷ್ಟಕ್ಕೆ ಹೊಸದು ಕೊಂಡರೆ ನಾಲ್ಕು ಜಿಬಿಯದು, ಈಗಿನ ಆಟಗಳು ಅದರಲ್ಲಿ ತೆವಳುತ್ತವೆ. ಹಳೆಯದಾದರೆ ಎಂಟು ಜಿಬಿಯದೇ ಸಿಗುತ್ತದೆ. ಕೊಚ್ಚಿಯ ಅವನ ಕಾಲೇಜಿನಲ್ಲಿ ಹಳೆಯ ಬಿಡಿಭಾಗ ಮಾರುತ್ತಿದ್ದ ಸೀನಿಯರ್ ಜಿಬಿನ್, ಒಂದೇ ಮಾದರಿಯ ಹನ್ನೆರಡು ಕಾರ್ಡುಗಳನ್ನು ಆಕರ್ಷನೂ ಸೇರಿ ಹನ್ನೆರಡು ಹುಡುಗರ ತಲೆಗೆ ಕಟ್ಟಿದ್ದ. "ಆರು ತಿಂಗಳು ಗೇಮ್ ಆಡಿದ್ದಷ್ಟೇ, ಮೋನೆ" ಎಂದು ಮಗನನ್ನು ಕರೆದಂತೆ ಕರೆದು ನಂಬಿಸಿದ್ದ. ತಿಂಗಳು ತುಂಬುವ ಮೊದಲೇ ಪರದೆಯ ತುಂಬ ಹಸಿರು ಗೆರೆ. ಕ್ರಿಪ್ಟೋ ನಾಣ್ಯ ಗಳಿಸಲು ವರ್ಷಗಟ್ಟಲೆ ಹಗಲೂ ರಾತ್ರಿ ಓಡಿಸಿ ಎಸೆದ ಮಾಲು ಇದು ಎಂದು ರಿಪೇರಿಯವನು ಕೈಚೆಲ್ಲಿದ.

"ಒಂದು ವಾರ ಗ್ಯಾರಂಟಿ ಅಂತ ಹೇಳಿದ್ದೆನಲ್ಲ" ಎಂದ ಜಿಬಿನ್. "ಚಿಲ್ಲರೆ ಕಾಸಿಗೆ ಇಷ್ಟು ಆಸೆ ಪಡಬಾರದು." ಅವನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅದೇ ಮಾದರಿಯ ಕಾರ್ಡಿನ ಫ್ಯಾನ್ ತಣ್ಣಗೆ ತಿರುಗುತ್ತಿತ್ತು. ಅಂಗಡಿಯಿಂದ ತಂದ ಹೊಚ್ಚಹೊಸ ಕಾರ್ಡ್. ಊರಿಗೆಲ್ಲ ಕೊಳೆತದ್ದು ಕೊಟ್ಟು ತಾನು ಮಾತ್ರ ತಾಜಾ ತಿನ್ನುವ ಲಫಂಗ.

ಆಕರ್ಷ ಜಗಳವಾಡಲಿಲ್ಲ. ಜಗಳವಾಡಿದವನ ಮೇಲೆ ಮೊದಲು ಅನುಮಾನ ಬರುತ್ತದೆ. ತಲೆ ತಗ್ಗಿಸಿ "ಸರಿ ಚೇಟ್ಟಾ" ಎಂದು, ಅಣ್ಣನೆಂದೇ ಕರೆದು, ಹೊರಬಂದ.

ಜಿಬಿನ್ ಪ್ರತಿ ಮಂಗಳವಾರ ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲ್ಲಿಗೆ ತರಬೇತಿಗೆ ಹೋಗುತ್ತಾನೆ, ಮರಳುವುದು ಆರಕ್ಕೆ. ಮಟ್ಟಾಂಚೇರಿಯ ಅವನ ಬಾಡಿಗೆ ಕೋಣೆಯ ಬೀಗದಕೈ ಬಾಗಿಲ ಹೊರಗೆ ಬಿಟ್ಟ ಹಳೆಯ ಶೂ ಒಳಗಿರುತ್ತದೆ. ಕದ್ದರೆ ಪೊಲೀಸು, ಅದಲುಬದಲು ಮಾಡಿದರೆ ಕಳ್ಳತನವಾಗಿದೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ಸತ್ತ ಕಾರ್ಡನ್ನು ಆಕರ್ಷ ಸ್ಪಿರಿಟ್ ಹಚ್ಚಿ ಉಜ್ಜಿದ, ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಒರೆಸಿ ಹೊಳೆಯಿಸಿದ. ಮಂಗಳವಾರ ಮಧ್ಯಾಹ್ನ ಬೋಟಿನಲ್ಲಿ ಹೋಗಿ, ಕೈಗವಸು ತೊಟ್ಟು, ಹೇರ್ ಡ್ರೈಯರಿನ ಬಿಸಿ ಕೊಟ್ಟು ಎರಡೂ ಕಾರ್ಡುಗಳ ಸೀರಿಯಲ್ ನಂಬರ್ ಸ್ಟಿಕ್ಕರನ್ನು ಎಬ್ಬಿಸಿ ಅದಲುಬದಲು ಅಂಟಿಸಿದ. ಸತ್ತದ್ದನ್ನು ಜಿಬಿನ್‌ನ ಕಂಪ್ಯೂಟರಿನಲ್ಲಿ ಕೂರಿಸಿ, ಹೊಸದನ್ನು ಚೀಲಕ್ಕೆ ಹಾಕಿಕೊಂಡು, ವೈರು ಮೊದಲು ಬಾಗಿದ್ದಂತೆಯೇ ಬಾಗಿಸಿದ. ಹತ್ತೊಂಬತ್ತು ನಿಮಿಷ. ಹಾಗೊಮ್ಮೆ ಅನುಮಾನ ಬಂದರೂ ಮೋಸಹೋದವರು ಇನ್ನೂ ಹನ್ನೊಂದು ಜನರಿದ್ದಾರೆ. ಯಾರನ್ನು ಹಿಡಿಯುತ್ತಾನೆ, ಹಿಡಿಯಲಿ.

ಆ ಸಂಜೆ ಅವನ ಆಟ ನೀರಿನಂತೆ ಹರಿಯಿತು. ಮರುದಿನ ಜಿಬಿನ್ ಕಂಪನಿಯನ್ನು ಬಾಯಿಗೆ ಬಂದಂತೆ ಬಯ್ಯುತ್ತ, ವಾರಂಟಿಗೆಂದು ಕಾರ್ಡನ್ನು ಸರ್ವಿಸ್ ಸೆಂಟರಿಗೆ ಒಯ್ದ ಸುದ್ದಿ ಕ್ಯಾಂಟೀನಿನಲ್ಲಿ ಕಿವಿಗೆ ಬಿತ್ತು. ಆಕರ್ಷ ಅಂದು ಎರಡು ಪ್ಲೇಟ್ ಪೊರೋಟ ತಿಂದ. ಇಷ್ಟು ದಿನಗಳಲ್ಲಿ ಅವನಿಗೆ ಮೊದಲ ಬಾರಿ ಹಸಿವಾಗಿತ್ತು.

ಶುಕ್ರವಾರ ಜಿಬಿನ್ ಅವನ ಕೋಣೆಗೇ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ. ಸಣ್ಣದೊಂದು ಪ್ಲಾಸ್ಟಿಕ್ ಪೊಟ್ಟಣ ಚಾಚಿ, "ಇದೇನಿರಬಹುದು ಹೇಳು ನೋಡೋಣ, ಯಾರಿಗೂ ಗೊತ್ತಾಗ್ತಿಲ್ಲ" ಎಂದ. ಒಳಗೆ ಕೆಂಪು ಹಳದಿ ಬಣ್ಣದ ಒಂದು ಅಕ್ಕಿಕಾಳು. ಆಕರ್ಷನಿಗೆ ನಗು ಬಂತು. "ಅಕ್ಷತೆ ಚೇಟ್ಟಾ. ಅರಿಸಿನ, ಕುಂಕುಮ ಬೆರೆಸಿದ ಅಕ್ಕಿ. ಆಯುಧಪೂಜೆ ದಿನ ಅಮ್ಮ ಸ್ಕೂಟರು, ಮಿಕ್ಸಿ ಎಲ್ಲದಕ್ಕೂ ಹಾಕ್ತಾರೆ." ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ನೆನಪಾಯಿತು. ದಸರಾ ರಜೆಗೆ ಅಪ್ಪನಿಗೆ ತೋರಿಸಲೆಂದು ಜಿಬಿನ್‌ನಿಂದ ಆಗಷ್ಟೇ ಕೊಂಡಿದ್ದ ಕಾರ್ಡನ್ನು ಮನೆಗೆ ಒಯ್ದಿದ್ದ. ಅಮ್ಮ ಪಂಕಜಾ ಅದನ್ನೂ ಮಿಕ್ಸಿಯ ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿ, ಕೈತುಂಬ ಅಕ್ಷತೆ ಹಾಕಿದ್ದರು. ಜಿಬಿನ್ ಪೊಟ್ಟಣವನ್ನು ಜೇಬಿಗೆ ಇಳಿಸಿದ. "ಸರ್ವಿಸ್ ಸೆಂಟರಿನಲ್ಲಿ ನನ್ನ ಕಾರ್ಡಿನ ಫ್ಯಾನ್ ಬಿಚ್ಚಿದಾಗ ಇದು ಅಡಿಯಿಂದ ಬಿತ್ತು" ಎಂದ. "ನನ್ನ ಹತ್ತಿರ ಕಾರ್ಡ್ ಕೊಂಡ ಹನ್ನೊಂದು ಜನರನ್ನು ಕೇಳಿ ಬಂದೆ, ಮೋನೆ. ನೀನು ಹನ್ನೆರಡನೆಯವನು."